ಮೀನು ಹೊಂಡದ ತಳದ ನೈರ್ಮಲ್ಯ: ಮಚ್ಛೆ–ಖಾನಾಪುರ ಭಾಗದ ಕೃಷಿಕರಿಗೆ ಸಲಹೆಗಳು

ಕೃಷಿ ಹೊಂಡಗಳಲ್ಲಿ ಗೆಂಡೆ ಮೀನು ಸಾಕುವ ರೈತರು ನೀರಿನ ಬಣ್ಣವನ್ನು ಗಮನಿಸುತ್ತಾರೆಯೇ ಹೊರತು ತಳವನ್ನು ಪರಿಶೀಲಿಸುವುದು ವಿರಳ. ತಿನ್ನದೆ ಉಳಿದ ಹಿಂಡಿ–ತೌಡು, ಮೀನಿನ ಮಲ, ಸತ್ತ ಪಾಚಿ ಹಾಗೂ ಮಳೆನೀರಿನೊಂದಿಗೆ ಬಂದ ಹೂಳು ತಳದಲ್ಲಿಯೇ ಶೇಖರಗೊಳ್ಳುತ್ತವೆ. ಇವು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಆಮ್ಲಜನಕ ತಲುಪದ ಕೆಸರಿನಲ್ಲಿ ಅಮೋನಿಯಾ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಉಂಟಾಗುತ್ತವೆ.

ಬೆಳಗಾವಿ–ಖಾನಾಪುರ ರಸ್ತೆಯಲ್ಲಿರುವ ಮಚ್ಛೆಯಿಂದ ಪಶ್ಚಿಮ ಘಟ್ಟದ ಕಡೆಗೆ ಸಾಗಿದಂತೆ ಮಳೆ ಹೆಚ್ಚುತ್ತದೆ. ಮುಂಗಾರಿನಲ್ಲಿ ದಿನಗಟ್ಟಲೆ ಮೋಡ ಕವಿದಾಗ ಬಿಸಿಲಿಲ್ಲದೆ ಪಾಚಿಯಿಂದ ಆಮ್ಲಜನಕದ ಉತ್ಪಾದನೆ ಕುಗ್ಗುತ್ತದೆ, ಆದರೆ ಕೆಸರಿನ ಕೊಳೆಯುವಿಕೆ ನಿಲ್ಲುವುದಿಲ್ಲ. ಇಂತಹ ರಾತ್ರಿಗಳಲ್ಲಿ ಒಮ್ಮೆಲೇ ಮೀನುಗಳು ಸಾಯುವ ಸಂಭವವಿರುತ್ತದೆ. ಆದ್ದರಿಂದ ತಳದ ಸ್ವಚ್ಛತೆಯನ್ನು ಬೇಸಿಗೆಯಲ್ಲಿಯೇ ಕೈಗೊಳ್ಳಬೇಕು.

ತಳದ ಪರೀಕ್ಷೆ

ಹೊಂಡದ ಮೂರು–ನಾಲ್ಕು ಕಡೆಗಳಿಂದ, ವಿಶೇಷವಾಗಿ ಆಹಾರ ಹಾಕುವ ಸ್ಥಳ ಮತ್ತು ಆಳವಾದ ಮೂಲೆಯಿಂದ, ಕೆಸರನ್ನು ಮೇಲೆತ್ತಿ ನೋಡಬೇಕು. ಕಂದು ಬಣ್ಣದ, ಮಣ್ಣಿನ ವಾಸನೆಯ ಕೆಸರು ಆರೋಗ್ಯಕರ. ಕಪ್ಪು ಬಣ್ಣ ಮತ್ತು ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಇರುವುದನ್ನು ಸೂಚಿಸುತ್ತವೆ.

ಮಣ್ಣಿನ ತಳದ ಹೊಂಡಗಳು

• ಮೀನು ಹಿಡಿದ ನಂತರ, ಏಪ್ರಿಲ್–ಮೇ ತಿಂಗಳಲ್ಲಿ, ನೀರನ್ನು ಪೂರ್ಣವಾಗಿ ಹೊರಹಾಕಿ ತಳ ಬಿರುಕು ಬಿಡುವವರೆಗೆ ಒಣಗಿಸಬೇಕು.
• ಕಪ್ಪು ಕೆಸರು ಅರ್ಧ ಅಡಿಗಿಂತ ದಪ್ಪವಾಗಿದ್ದರೆ ತೆಗೆದುಹಾಕಬೇಕು. ಇದನ್ನು ದಂಡೆಯ ಮೇಲೆ ಸುರಿದರೆ ಮೊದಲ ಮಳೆಗೆ ಮರಳಿ ಹೊಂಡ ಸೇರುತ್ತದೆ. ಒಣಗಿಸಿ ಭತ್ತ ಅಥವಾ ಕಬ್ಬಿನ ಗದ್ದೆಗೆ ಗೊಬ್ಬರವಾಗಿ ಹರಡುವುದು ಸೂಕ್ತ.
• ಖಾನಾಪುರ ಭಾಗದ ಕೆಂಪು ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿಯಾಗಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಕೃಷಿ ಸುಣ್ಣವನ್ನು ಸಮನಾಗಿ ಹರಡಬೇಕು. ಪ್ರತಿ ಗುಂಟೆ ತಳಕ್ಕೆ ಪ್ರಮಾಣ:
 – ರಸಸಾರ 5.0ಕ್ಕಿಂತ ಕಡಿಮೆ: 20 ಕಿ.ಗ್ರಾಂ
 – ರಸಸಾರ 5.0–6.5: 10 ಕಿ.ಗ್ರಾಂ
 – ರಸಸಾರ 6.5–7.5: 5 ಕಿ.ಗ್ರಾಂ
 – ರಸಸಾರ 7.5–8.5: 2 ಕಿ.ಗ್ರಾಂ
• ಸುಣ್ಣ ಹಾಕಿದ ಸುಮಾರು ಎರಡು ವಾರಗಳ ನಂತರ ಮೀನುಮರಿ ಬಿಡಬೇಕು. ಸುಣ್ಣ ಹರಡುವಾಗ ಮೂಗು, ಬಾಯಿ ಮತ್ತು ಕಣ್ಣುಗಳನ್ನು ರಕ್ಷಿಸಿಕೊಳ್ಳಬೇಕು.
• ನೀರು ಒಳಬರುವ ಕಾಲುವೆಯಲ್ಲಿ ಹೂಳು ತಡೆಯುವ ಗುಂಡಿ ನಿರ್ಮಿಸಬೇಕು.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳು

ಇವುಗಳಲ್ಲಿ ಕಸವನ್ನು ಹೀರಿಕೊಳ್ಳುವ ಮಣ್ಣು ಇಲ್ಲದ ಕಾರಣ ಕೆಸರು ಆಳವಾದ ಭಾಗದಲ್ಲಿ ಒಟ್ಟುಗೂಡುತ್ತದೆ. ಸಲಿಕೆ, ಹಾರೆ ಬಳಸಿದರೆ ಹಾಳೆ ಹರಿಯುತ್ತದೆ. ಒಂದು–ಒಂದೂವರೆ ಇಂಚಿನ ಪೈಪಿನ ತುದಿಯನ್ನು ಕೆಸರಿನ ಮೇಲೆ ನಿಧಾನವಾಗಿ ಸರಿಸುತ್ತ ಕಸವನ್ನು ಹೊರಸೆಳೆಯಬೇಕು. ಹೊರತುದಿ ಹೊಂಡದ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನೀರು ತಾನಾಗಿಯೇ ಹರಿಯುತ್ತದೆ; ಇಲ್ಲದಿದ್ದರೆ ಸಣ್ಣ ಪಂಪು ಬಳಸಬಹುದು. ಒಂದು ಬಾರಿಗೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ನೀರು ತೆಗೆಯಬಾರದು. ಈ ನೀರು ಬೆಳೆಗಳಿಗೆ ಉಪಯುಕ್ತ. ಹಾಳೆ ಜಾರುವುದರಿಂದ ಒಬ್ಬರೇ ಹೊಂಡಕ್ಕೆ ಇಳಿಯಬಾರದು. ಹಿಡಿದುಕೊಳ್ಳಲು ಹಗ್ಗ ಕಟ್ಟಿರಬೇಕು.

ಸಾಕಣೆ ಅವಧಿಯಲ್ಲಿ

• ಆಹಾರವನ್ನು ನೀರಿಗೆ ಎರಚದೆ ತಟ್ಟೆಯಲ್ಲಿ ಅಥವಾ ರಂಧ್ರ ಮಾಡಿದ ಚೀಲದಲ್ಲಿ ಇಳಿಬಿಡಬೇಕು. ಎರಡು ಗಂಟೆಗಳ ನಂತರವೂ ತಟ್ಟೆಯಲ್ಲಿ ಉಳಿದಿದ್ದರೆ ಮರುದಿನ ಪ್ರಮಾಣ ತಗ್ಗಿಸಬೇಕು.
• ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುವ ಮೀನುಗಳು. ಇವು ತಳದ ಆಹಾರವನ್ನು ಬಳಸಿಕೊಳ್ಳುತ್ತವೆ. ಆದರೆ ಸಂಗ್ರಹವಾದ ಕಪ್ಪು ಕೆಸರನ್ನು ಇವು ತೆರವುಗೊಳಿಸಲಾರವು.
• ಮಣ್ಣಿನ ಹೊಂಡದಲ್ಲಿ ಅನಿಲ ಬಿಡುಗಡೆಗಾಗಿ ಸರಪಳಿ ಎಳೆಯುವುದಾದರೆ ಪ್ರಖರ ಬಿಸಿಲಿರುವ ದಿನ, ಬೆಳಿಗ್ಗೆ 10 ಗಂಟೆಯ ನಂತರ, ಹೊಂಡದ ಸ್ವಲ್ಪ ಭಾಗದಲ್ಲಿ ಮಾತ್ರ ಎಳೆಯಬೇಕು. ಮೋಡವಿದ್ದಾಗ ಅಥವಾ ಕೆಸರು ಕಪ್ಪಾಗಿ ದಪ್ಪವಾಗಿದ್ದಾಗ ತಳವನ್ನು ಕದಡಲೇಬಾರದು.

ತುರ್ತು ಕ್ರಮ

ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಾಡುತ್ತಿದ್ದರೆ ಆಹಾರ ಮತ್ತು ಸಗಣಿ ಗೊಬ್ಬರವನ್ನು ತಕ್ಷಣ ನಿಲ್ಲಿಸಬೇಕು. ತಾಜಾ ನೀರನ್ನು ಎತ್ತರದಿಂದ ಸುರಿಸಬೇಕು ಅಥವಾ ಹೊಂಡದ ಮೇಲ್ಭಾಗದ ನೀರನ್ನೇ ಪಂಪಿನಿಂದ ಚಿಮ್ಮಿಸಬೇಕು. ಆ ಸಮಯದಲ್ಲಿ ಕೆಸರು ತೆಗೆಯಲು ಮುಂದಾಗಬಾರದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ತಾಲ್ಲೂಕು ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.