ಗೋಬಿಯ ಕೆಂಪನ್ನು ಲ್ಯಾಬ್ ಹಿಡಿಯೋದು ಹೇಗೆ?

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೊಟ್ಟ ಲೆಕ್ಕದಂತೆ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ. ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ರೋಡಮೈನ್-ಬಿ ಎಂಬ ಹೆಸರುಗಳೂ ಹೊರಬಂದವು. ಚರ್ಚೆಯೆಲ್ಲ ತಳ್ಳುಗಾಡಿಯವರ ಸುತ್ತಲೇ ನಡೀತು. ನನಗೆ ಕಾಡಿದ್ದು ಬೇರೆ ಪ್ರಶ್ನೆ: ಎಣ್ಣೆ, ಸಾಸ್, ಮೈದಾ ಎಲ್ಲ ಕಲಸಿರೋ ಪ್ಲೇಟಿನಲ್ಲಿ ಇಂಥದ್ದೇ ಬಣ್ಣ ಇದೆ ಅಂತ ಹೇಳೋದು ಹೇಗೆ?

ಕ್ರೊಮಟೋಗ್ರಫಿಯಿಂದ. ಪದದ ಅರ್ಥವೇ ಬಣ್ಣದ ಬರವಣಿಗೆ. 20ನೇ ಶತಮಾನದ ಆರಂಭದಲ್ಲಿ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್, ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ಬಣ್ಣವನ್ನು ಇಳಿಸಿದಾಗ ಅದು ಹಸಿರು, ಹಳದಿ ಪಟ್ಟಿಗಳಾಗಿ ಒಡೆಯಿತು. ತತ್ವ ಇಷ್ಟೇ: ಒಂದು ವಸ್ತು ನಿಂತಿರುತ್ತೆ, ಅದರ ಮೂಲಕ ಒಂದು ದ್ರವ ಹರಿಯುತ್ತೆ. ನಿಂತಿರೋದಕ್ಕೆ ಹೆಚ್ಚು ಅಂಟಿಕೊಳ್ಳುವ ಅಣು ಹಿಂದೆ ಬೀಳುತ್ತೆ, ದ್ರವವನ್ನೇ ಇಷ್ಟಪಡೋದು ಮುಂದೆ ಓಡುತ್ತೆ. ಫಿಲ್ಟರ್ ಪೇಪರ್ ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆ ಇಟ್ಟು ತುದಿಯನ್ನು ನೀರಿಗೆ ಅದ್ದಿ ನೋಡಿ, ಕಪ್ಪಿನೊಳಗಿಂದ ನೀಲಿ, ಕೆಂಪು ಎಲ್ಲ ಹೊರಬರಬಹುದು.

ಕಾಗದದ ಪರೀಕ್ಷೆಯಲ್ಲಿ ಆಹಾರದಿಂದ ತೆಗೆದ ಬಣ್ಣದ ಚುಕ್ಕೆಯ ಪಕ್ಕದಲ್ಲೇ ಗೊತ್ತಿರುವ ಬಣ್ಣಗಳ ಚುಕ್ಕೆಗಳನ್ನೂ ಇಡ್ತಾರೆ. ಬಣ್ಣ ಏರಿದ ದೂರವನ್ನು ದ್ರವ ಏರಿದ ದೂರದಿಂದ ಭಾಗಿಸಿದರೆ ಸಿಗೋದು ಆರ್‌ಎಫ್. ಎರಡೂ ಚುಕ್ಕೆಗಳ ಆರ್‌ಎಫ್ ಒಂದೇ ಆದರೆ ಅನುಮಾನ ಬಲವಾಯ್ತು. ಆದರೆ ಅನುಮಾನ ಮಾತ್ರ! ಬೇರೆ ಬೇರೆ ವಸ್ತುಗಳು ಒಂದೇ ಎತ್ತರಕ್ಕೆ ಏರಬಹುದು. ಹಾಗಾಗಿ ಇನ್ನೊಂದು ವಿಧಾನದಲ್ಲೂ ಖಚಿತಪಡಿಸಿಕೊಳ್ಳಬೇಕು.

ಇಲ್ಲಿಗೆ ಬರೋದು ಎಚ್‌ಪಿಎಲ್‌ಸಿ. ಸೂಕ್ಷ್ಮ ಕಣಗಳು ತುಂಬಿದ ಉಕ್ಕಿನ ಕೊಳವೆಯೊಳಗೆ ಪಂಪು ಭಾರೀ ಒತ್ತಡದಲ್ಲಿ ದ್ರವವನ್ನು ನೂಕುತ್ತೆ. ಒಂದೊಂದು ಬಣ್ಣವೂ ತನ್ನ ಸಮಯಕ್ಕೆ ಹೊರಬಂದು ಗ್ರಾಫಿನಲ್ಲಿ ಒಂದು ಶಿಖರವಾಗುತ್ತೆ. ಬಂದ ಸಮಯ ಯಾವ ಬಣ್ಣ ಅನ್ನೋದರ ಸುಳಿವು ಕೊಟ್ಟರೆ, ಶಿಖರದ ವಿಸ್ತೀರ್ಣ ಎಷ್ಟಿದೆ ಅಂತ ಹೇಳುತ್ತೆ.

ಈ ‘ಯಾವುದು’, ‘ಎಷ್ಟು’ಗಳಲ್ಲೇ ನ್ಯಾಯ ಇರೋದು. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ಊಟದಲ್ಲಿ ಒಂದು ಚಿಟಿಕೆಯೂ ಇರಕೂಡದು. ಟಾರ್ಟ್ರಜೈನ್‌ಗೆ ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಅನುಮತಿ ಇದೆ. ಎರಡನ್ನೂ ‘ವಿಷ’ ಅಂತ ಒಂದೇ ಹೆಡ್‌ಲೈನಿಗೆ ತುಂಬೋದು ಸೋಮಾರಿತನ ಅಂತಲೇ ನನ್ನ ಅಭಿಪ್ರಾಯ.

2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಮಾದರಿ ಕೈಸೇರಿದ 14 ದಿನಗಳೊಳಗೆ ವಿಶ್ಲೇಷಕರು ವರದಿ ಕೊಡಬೇಕು. ಆ ವರದಿಯ ವಿರುದ್ಧ ಮೇಲ್ಮನವಿ ಸಲ್ಲಿಸಬಹುದು, ಮಾದರಿಯನ್ನು ರೆಫರಲ್ ಲ್ಯಾಬ್‌ಗೆ ಕಳಿಸುವ ಅವಕಾಶವೂ ಇದೆ. ಗಾಡಿಯವರಿಗೆ ಇದನ್ನು ಯಾರಾದರೂ ಹೇಳಿದ್ದಾರಾ?