ಗಿಡ್ಡ ಕಂಬದ ಭೌತವಿಜ್ಞಾನ

ಮೊದಲು ವಿಜ್ಞಾನ, ಆಮೇಲೆ ವೃತ್ತಿವಿಷಯ ಎಂಬ ಕ್ರಮ ಪ್ಯಾರಿಸ್‌ನಲ್ಲಿ 1794ರಲ್ಲಿ ಆರಂಭವಾದ ಎಕೋಲ್ ಪಾಲಿಟೆಕ್ನಿಕ್‌ನಷ್ಟು ಹಳೆಯದು. ಅಲ್ಲಿ ಗಣಿತ, ರಸಾಯನ ಮುಗಿಸಿದವರು ಸೇತುವೆ, ಗಣಿಗಳ ಪ್ರತ್ಯೇಕ ಶಾಲೆಗಳಿಗೆ ಹೋಗುತ್ತಿದ್ದರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್‌ಗಳಲ್ಲೂ ಕಾಣುವುದು ಇದೇ ಕ್ರಮ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮ ಮೊದಲ ವರ್ಷದ ಭೌತವಿಜ್ಞಾನವನ್ನು ಶಾಖಾವಾರು ವಿಂಗಡಿಸಿತು: ಕಂಪ್ಯೂಟರ್‌ನವರಿಗೆ ಕ್ವಾಂಟಂ ಕಂಪ್ಯೂಟಿಂಗ್, ಸಿವಿಲ್‌ನವರಿಗೆ ಆಂದೋಲನ, ಸ್ಥಿತಿಸ್ಥಾಪಕತ್ವ. ಹೆಜ್ಜೆ ಸರಿಯಾದದ್ದೇ. ಆದರೆ ವಿಜ್ಞಾನವು ವೃತ್ತಿವಿಷಯದ ಕಡೆ ಬಂದರಷ್ಟೇ ಸಾಲದು, ಮುಂದಿನ ವರ್ಷಗಳಲ್ಲಿ ವೃತ್ತಿವಿಷಯವೂ ವಿಜ್ಞಾನದ ಕಡೆ ತಿರುಗಬೇಕು ಎಂಬುದು ನನ್ನ ವಾದ.

ಒಂದು ಉದಾಹರಣೆ ನೋಡೋಣ. ಸ್ಪ್ರಿಂಗಿಗೆ ತೂಗುಹಾಕಿದ ತೂಕದ ಆಂದೋಲನಾವಧಿ ಅದರ ರಾಶಿ ಮತ್ತು ಸ್ಪ್ರಿಂಗಿನ ಬಿಗಿತವನ್ನು ಅವಲಂಬಿಸಿರುತ್ತದೆ. ಇದು ಮೊದಲ ವರ್ಷದ ಪಾಠ. ಭೂಕಂಪ ವಿನ್ಯಾಸದ ತರಗತಿಗೆ ಬಂದಾಗ ಅದೇ ವಿದ್ಯಾರ್ಥಿ ಭೂಕಂಪ ವಿನ್ಯಾಸದ ಭಾರತೀಯ ಮಾನದಂಡವಾದ ಐಎಸ್ 1893ರ 2016ರ ಆವೃತ್ತಿ ತೆರೆಯುತ್ತಾನೆ. ಇಟ್ಟಿಗೆ ಗೋಡೆ ತುಂಬದ ಕಾಂಕ್ರೀಟ್ ಚೌಕಟ್ಟಾದರೆ, ಮೀಟರಿನಲ್ಲಿ ಅಳೆದ ಎತ್ತರದ 0.75ನೇ ಘಾತವನ್ನು 0.075ರಿಂದ ಗುಣಿಸಬೇಕು. 15 ಮೀಟರ್ ಕಟ್ಟಡದ ಆಂದೋಲನಾವಧಿ ಸುಮಾರು 0.57 ಸೆಕೆಂಡ್ ಎಂದು ಬರುತ್ತದೆ. ಲೆಕ್ಕ ಮುಗಿಯಿತು. ಈ ಸೂತ್ರದಲ್ಲಿ ರಾಶಿಯೂ ಬಿಗಿತವೂ ಎಲ್ಲಿ ಅಡಗಿವೆ ಎಂದು ಕೇಳದೆಯೂ ಪೂರ್ಣ ಅಂಕ ಪಡೆಯಬಹುದು.

ಕೇಳದಿದ್ದರೆ ಆಗುವ ನಷ್ಟ ಇಳಿಜಾರಿನ ನಿವೇಶನದಲ್ಲಿ ಕಾಣುತ್ತದೆ. ಮಡಿಕೇರಿಯಂಥ ಊರಿನಲ್ಲಿ ಒಂದೇ ಮನೆಯ ಒಂದು ಕಂಬ 3 ಮೀಟರ್, ಇನ್ನೊಂದು ಒಂದೂವರೆ ಮೀಟರ್ ಇರುವುದುಂಟು. ಎರಡೂ ತುದಿ ಬಿಗಿಯಾದ ಕಂಬದ ಅಡ್ಡಬಿಗಿತ ಎತ್ತರದ ಘನಕ್ಕೆ ವಿಲೋಮವಾಗಿರುವುದರಿಂದ, ಅದೇ ದಪ್ಪದ ಗಿಡ್ಡ ಕಂಬ ಎಂಟು ಪಟ್ಟು ಬಿಗಿ. ನೆಲ ಅಲುಗಿದಾಗ ಮೇಲಿನ ಚಾವಣಿ ಎರಡನ್ನೂ ಸಮನಾಗಿ ಸರಿಸುತ್ತದೆ. ಹಾಗಾಗಿ ಗಿಡ್ಡ ಕಂಬದ ಮೇಲೆ ಎಂಟು ಪಟ್ಟು ಬಲ ಬೀಳುತ್ತದೆ. ಮೊದಲು ಬಿರಿಯುವುದು ಅದೇ. ಅಕ್ಕಪಕ್ಕ ಕಟ್ಟಿದ ಎರಡು ಅಸಮಾನ ಸ್ಪ್ರಿಂಗುಗಳ ಪ್ರಯೋಗದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಈ ಪಾಠವನ್ನು ಆರನೇ ಸೆಮಿಸ್ಟರಿನಲ್ಲಿ ಭೌತವಿಜ್ಞಾನದ ಪ್ರಯೋಗಾಲಯದಲ್ಲೇ, ಎರಡೂ ವಿಭಾಗದ ಅಧ್ಯಾಪಕರು ಜೊತೆಗಿದ್ದು ನಡೆಸಬೇಕು. ಪ್ರಶ್ನೆಯನ್ನೂ ಇಬ್ಬರೂ ಕೂಡಿಯೇ ತೆಗೆಯಬೇಕು. ಮೊದಲ ವರ್ಷ ಮುಗಿದೊಡನೆ ಭೌತವಿಜ್ಞಾನದ ಮೇಷ್ಟ್ರಿಗೂ ವಿದ್ಯಾರ್ಥಿಗೂ ಸಂಬಂಧವೇ ಕಡಿದುಹೋಗುವ ವೇಳಾಪಟ್ಟಿಯಲ್ಲಿ ಇದು ಸಾಧ್ಯವಿಲ್ಲ.

ಶಾಖಾವಾರು ಕತ್ತರಿ ಅತಿಯಾಗಲೂಬಾರದು. ಸಿವಿಲ್‌ನವರಿಗೆ ಬೆಳಕಿನ ಪಾಠ ಏಕೆ ಎನ್ನುವವರು, ಸೇತುವೆಗಳ ಒಳಗಿನ ಎಳೆತವನ್ನು ಇಂದು ಆಪ್ಟಿಕಲ್ ಫೈಬರ್ ಸಂವೇದಕಗಳಿಂದಲೂ ಅಳೆಯುತ್ತಾರೆ ಎಂಬುದನ್ನು ಗಮನಿಸಬೇಕು.