ಬಾಯ್ಲರ್ ಕಾರ್ಖಾನೆಯ ದಾರಿಯಾಗಿ ಬಂದ ಸ್ಕ್ಯಾನಿಂಗ್

ಬಸುರಿಯರಿಗೆ ಇಂದು ಮಾಡುವ ಸ್ಕ್ಯಾನಿಂಗ್ ಗ್ಲಾಸ್ಗೋದ ಆಸ್ಪತ್ರೆಗೆ ಬಂದದ್ದು ಬಾಯ್ಲರ್ ಕಾರ್ಖಾನೆಯ ದಾರಿಯಾಗಿ. 1955ರಲ್ಲಿ ಅಲ್ಲಿನ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿಟ್ಟುಕೊಂಡು ಹತ್ತಿರದ ರೆನ್‌ಫ್ರೂ ಊರಿನ ಕಾರ್ಖಾನೆಗೆ ಹೋದರು. ಶಬ್ದದಲೆಗಳಿಂದ ಲೋಹದ ಬಿರುಕು ಹುಡುಕುವ ಯಂತ್ರ ಅಲ್ಲಿತ್ತು. ನೀರು ತುಂಬಿದ ಗೆಡ್ಡೆಗೂ ಗಟ್ಟಿ ಗೆಡ್ಡೆಗೂ ಪ್ರತಿಧ್ವನಿ ಬೇರೆಬೇರೆ ಎಂದು ಅದು ತೋರಿಸಿಕೊಟ್ಟಿತು. ಮುಂದೆ, ಜಠರದ ಕ್ಯಾನ್ಸರೆಂದು ವೈದ್ಯರು ಆಸೆ ಬಿಟ್ಟಿದ್ದ ಹೆಂಗಸೊಬ್ಬಳಿಗೆ ಇರುವುದು ಅಂಡಾಶಯದ ನೀರುಗೆಡ್ಡೆ ಎಂದು ಈ ಶಬ್ದವೇ ಹೇಳಿತು. ಗೆಡ್ಡೆ ತೆಗೆದರು, ಆಕೆ ಬದುಕಿದಳು. 1958ರಲ್ಲಿ ಡೊನಾಲ್ಡ್, ಜಾನ್ ಮೆಕ್‌ವಿಕಾರ್ ಮತ್ತು ಇಂಜಿನಿಯರ್ ಟಾಮ್ ಬ್ರೌನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಲೇಖನ ಪ್ರಕಟಿಸಿದರು.

ಭಾರತಕ್ಕೆ ಬಂದ ಮೇಲೆ ಅದೇ ವಿದ್ಯೆ ಹೆಣ್ಣುಭ್ರೂಣವನ್ನು ಪತ್ತೆಮಾಡಿ ತೆಗೆಸುವುದಕ್ಕೂ ಬಳಕೆಯಾಯಿತು. 1994ರಲ್ಲಿ ಅದನ್ನು ತಡೆಯುವ ಕಾಯ್ದೆ ಬಂತು. ಆದರೂ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945ರಷ್ಟಿದ್ದ ಹೆಣ್ಣುಮಕ್ಕಳು 2001ಕ್ಕೆ 927ಕ್ಕಿಳಿದರು.

ಸ್ಕ್ಯಾನಿಂಗ್ ಸೆಂಟರುಗಳಲ್ಲಿ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಕಂಡಾಗಲೆಲ್ಲ ನನಗೆ ಹೆಸರು ಗೊತ್ತಿಲ್ಲದ ಆ ಗ್ಲಾಸ್ಗೋದ ಹೆಂಗಸು ನೆನಪಾಗುತ್ತಾಳೆ. ಒಬ್ಬ ಹೆಣ್ಣಿನ ಜೀವ ಉಳಿಸಿ ವೈದ್ಯರ ನಂಬಿಕೆ ಗಳಿಸಿದ ಯಂತ್ರ ಅದು. ಈಗ ಹೆಣ್ಣುಕೂಸನ್ನು ಕಾಯಲು ಅದರ ಪಕ್ಕದಲ್ಲೇ ಫಲಕ ತೂಗುಹಾಕಬೇಕಾಗಿದೆ.